ಒಂದು ಹಬ್ ಹೋದರೆ ಎರಡು ಚಕ್ರ ಹೋದಂತೆ



ಮಳೆಗಾಲದ ತೋಟದ ದಾರಿಯಲ್ಲಿ ನಮಗೆಲ್ಲ ಫೋರ್‌ವೀಲ್ ಗೇರಿನ ಮೇಲೆ ಬಹಳ ಭರವಸೆ. ಲಿವರ್ ಎಳೆದರೆ ನಾಲ್ಕು ಚಕ್ರವೂ ಎಳೆಯುತ್ತವೆಂದು ನಂಬಿ, ಚೀಲ ಹೇರಿದ ಗಾಡಿಯನ್ನು ಏರಿಗೆ ಹತ್ತಿಸುತ್ತೇವೆ. ಆದರೆ ಮುಂದಿನ ಚಕ್ರಗಳಿಗೆ ಲಾಕಿಂಗ್ ಹಬ್ ಇರುವ ಗಾಡಿಯಲ್ಲಿ ಲಿವರ್ ಅರ್ಧ ಕೆಲಸ ಮಾತ್ರ ಮಾಡುತ್ತದೆ. ಉಳಿದರ್ಧ ಹಬ್ಬುಗಳದು.

ಕಳೆದ ಅಕ್ಟೋಬರಿನಲ್ಲಿ ನಮ್ಮ ಸದಸ್ಯರೊಬ್ಬರು ಕೊಯ್ಲಿಗೆ ಜನ ಗೊತ್ತುಮಾಡಲು ಕಲಬುರಗಿ ಜಿಲ್ಲೆಯ ಚಿಂಚೋಳಿ ಕಡೆಗೆ ಹೋಗಿದ್ದರು. ಚಂದ್ರಂಪಳ್ಳಿಯ ಹತ್ತಿರ ಹೊಲದ ದಾರಿಯಲ್ಲಿ ಪಿಕಪ್ ಹುಗಿಯಿತು. ಮಳೆ ಬಿದ್ದ ಎರೆಮಣ್ಣು ನಮ್ಮ ಕೆಂಪು ಮಣ್ಣಿನಂತಲ್ಲ. ಟೈರಿನ ಸಂದುಗಳಿಗೆಲ್ಲ ಮೆತ್ತಿಕೊಂಡು ಚಕ್ರವನ್ನೇ ನುಣ್ಣಗೆ ಮಾಡಿಬಿಡುತ್ತದೆ. ಇಳಿದು ನೋಡಿದರೆ ಎಡಗಡೆಯ ಹಬ್ ಬೋಲ್ಟು ಸಡಿಲಾಗಿ ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು. ಬಲಗಡೆಯ ಹಬ್ ಲಾಕ್ ಮಾಡಿ, ಫೋರ್‌ವೀಲ್ ಹಾಕಿ ಎಳೆಸಿದರು. ಹಿಂದಿನ ಚಕ್ರ ತಿರುಗಿ ಇನ್ನಷ್ಟು ಹುಗಿಯಿತೇ ಹೊರತು ಮುಂದಿನವು ಅಲುಗಲಿಲ್ಲ. ಕೊನೆಗೆ ಊರವರ ಟ್ರ್ಯಾಕ್ಟರ್ ಎಳೆಯಬೇಕಾಯಿತು. "ಒಂದು ಹಬ್ ಸರಿ ಇತ್ತಲ್ಲ, ಅದೊಂದಾದರೂ ಏಕೆ ಎಳೆಯಲಿಲ್ಲ?" ಎಂಬುದು ಅವರ ಪ್ರಶ್ನೆ. ಎಲ್ಲರೂ ತಿಳಿಯತಕ್ಕ ವಿಷಯವಾದ್ದರಿಂದ ಇಲ್ಲಿ ಉತ್ತರಿಸುತ್ತಿದ್ದೇವೆ.

ಭಾರತದಲ್ಲಿ 1947ರಿಂದ ಮಹೀಂದ್ರಾದವರು ಜೋಡಿಸತೊಡಗಿದ ವಿಲ್ಲಿಸ್ ಜೀಪುಗಳಲ್ಲಿ ಆಕ್ಸಲ್ ತುದಿಗೂ ಚಕ್ರಕ್ಕೂ ಗಟ್ಟಿ ಫ್ಲ್ಯಾಂಜ್ ಇರುತ್ತಿತ್ತು. ಚಕ್ರ ತಿರುಗಿದರೆ ಆಕ್ಸಲ್ ತಿರುಗಲೇಬೇಕು. ಡಾಂಬರು ರಸ್ತೆಯಲ್ಲಿ ಈ ವೃಥಾ ತಿರುಗಾಟ ತಪ್ಪಿಸಲು ಬಂದದ್ದೇ ಲಾಕಿಂಗ್ ಹಬ್. ಅಮೆರಿಕದಲ್ಲಿ 1948ರಲ್ಲಿ ಆರಂಭವಾದ ವಾರ್ನ್ ಕಂಪನಿ ಇದರಿಂದಲೇ ಹೆಸರು ಮಾಡಿತು. ಲಾಕ್ ಮಾಡಿದರೆ ಆಕ್ಸಲ್ಲೂ ಚಕ್ರವೂ ಒಂದಾಗುತ್ತವೆ. ಫ್ರೀ ಮಾಡಿದರೆ ಚಕ್ರ ತನ್ನ ಬೇರಿಂಗ್ ಮೇಲೆ ತಾನೇ ತಿರುಗುತ್ತದೆ.

ಇನ್ನು ಡಿಫರೆನ್ಷಿಯಲ್. ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಕಡೆಗೆ ಸಮನಾದ ಬಲ ಕೊಡುತ್ತದೆ. ಒಂದು ಕಡೆ ತಡೆಯೇ ಇಲ್ಲದಿದ್ದರೆ ಇನ್ನೊಂದು ಕಡೆಗೂ ಬಲ ಸಿಕ್ಕುವುದಿಲ್ಲ. ಅಡಿಕೆ ತೋಟದ ಕಾಲುವೆ ಎಡಕ್ಕೆ ಒಡೆದರೆ ಬಲಗಡೆಯ ಸಾಲಿಗೆ ನೀರು ಏರುತ್ತದೆಯೇ? ಹಾಗೆಯೇ ಹಬ್ ಇಲ್ಲದ ಕಡೆಯ ಆಕ್ಸಲ್ ಬರಿದೇ ಸುತ್ತುತ್ತದೆ, ಲಾಕ್ ಆದ ಚಕ್ರ ಸುಮ್ಮನೆ ನಿಲ್ಲುತ್ತದೆ. ಹೋದದ್ದು ಒಂದು ಹಬ್, ಕಳೆದುಕೊಂಡದ್ದು ಎರಡು ಚಕ್ರ. ಡ್ಯಾಶ್‌ಬೋರ್ಡಿನ ಫೋರ್‌ವೀಲ್ ದೀಪ ಉರಿಯುತ್ತಲೇ ಇರಬಹುದು. ಅದು ಗೇರು ಬಿದ್ದದ್ದನ್ನು ಹೇಳುತ್ತದೆ, ಹಬ್ಬಿನ ಸ್ಥಿತಿಯನ್ನಲ್ಲ.

ಅಪಾಯ ಹುಗಿಯುವುದರಲ್ಲಷ್ಟೇ ಇಲ್ಲ. ಲೋ ಗೇರು ಹಾಕಿದರೆ ಅದರ ಪೂರ್ತಿ ಬಲ ಹಿಂದಿನ ಆಕ್ಸಲ್ ಒಂದರ ಮೇಲೇ ಬಿದ್ದು ಅದು ಮುರಿಯಬಹುದು. ಇಳಿಜಾರಿನಲ್ಲಿ ಎಂಜಿನ್ನಿನ ತಡೆ ಹಿಂದಿನ ಚಕ್ರಗಳಿಗೆ ಮಾತ್ರ. ಹಳೆಯ ಜೀಪುಗಳ ಹ್ಯಾಂಡ್‌ಬ್ರೇಕ್ ಟ್ರಾನ್ಸ್‌ಫರ್ ಗೇರ್‌ಬಾಕ್ಸಿನ ಹಿಂದೆ ಇರುವುದರಿಂದ ಅದಕ್ಕೂ ಮುಂದಿನ ಚಕ್ರಗಳ ಆಸರೆ ತಪ್ಪುತ್ತದೆ. ಕೆಲಸದವರು ಕುಳಿತ ಗಾಡಿಯನ್ನು ಇಂಥ ಸ್ಥಿತಿಯಲ್ಲಿ ಇಳಿಜಾರಿಗೆ ಬಿಡಲೇಕೂಡದು. ನಿಲ್ಲಿಸಿದಾಗ ಚಕ್ರಕ್ಕೆ ಕಲ್ಲು ಕೊಡುವುದನ್ನು ಮರೆಯಬಾರದು.

ದಾರಿಯಲ್ಲಿ ಹಬ್ ಕಳೆದುಹೋದರೆ ಮಾಡತಕ್ಕದ್ದು:

1. ಉಳಿದ ಹಬ್ಬನ್ನು ಫ್ರೀ ಮಾಡಿ, ಗಾಡಿಯನ್ನು ಟೂವೀಲಿಗೆ ತನ್ನಿ. ಲಾಕ್ ಆಗಿಯೇ ಬಿಟ್ಟರೆ ಇನ್ನೊಂದು ಕಡೆಯ ಆಕ್ಸಲ್ ಹಿಂದುಮುಂದಾಗಿ ಸುತ್ತಿ ಡಿಫರೆನ್ಷಿಯಲ್ ಒಳಗಿನ ಸಣ್ಣ ಗೇರುಗಳು ಸವೆಯುತ್ತವೆ.

2. ನಮ್ಮ ಜೀಪುಗಳಲ್ಲಿ ಚಕ್ರದ ಭಾರ ಹೊರುವುದು ಬೇರಿಂಗ್. ಹಬ್ ಬಿದ್ದ ಮಾತ್ರಕ್ಕೆ ಚಕ್ರ ಕಳಚುವುದಿಲ್ಲ. ಆದರೂ ಬೇರಿಂಗಿನ ನಟ್ಟು, ಲಾಕ್ ವಾಷರ್ ಬಿಗಿಯಾಗಿವೆಯೇ ನೋಡಿ. ಸಡಿಲವಿದ್ದರೆ ಮುಂದೆ ಓಡಿಸಬೇಡಿ.

3. ತೆರೆದ ಬಾಯಿಗೆ ಗ್ರೀಸು ತುಂಬಿ, ಹಳೆಯ ಟ್ಯೂಬಿನ ರಬ್ಬರು ಮುಚ್ಚಿ, ತಂತಿಯಿಂದ ಬಿಗಿಯಾಗಿ ಕಟ್ಟಿ. ಕೆಸರು, ನೀರು ಒಳಹೊಕ್ಕರೆ ಬೇರಿಂಗ್ ಕೆಡುತ್ತದೆ. ಹೊಳೆ ದಾಟಬೇಡಿ.

4. ನಿಧಾನವಾಗಿ ಓಡಿಸಿ, ಐದಾರು ಕಿಲೋಮೀಟರಿಗೊಮ್ಮೆ ಚಕ್ರದ ನಡುವನ್ನು ಕೈಯಿಂದ ಮುಟ್ಟಿ ನೋಡಿ. ಕೈ ಇಡಲಾರದಷ್ಟು ಬಿಸಿಯಾಗಿದ್ದರೆ ನಿಲ್ಲಿಸಿ.

ಶಾಶ್ವತ ಪರಿಹಾರಕ್ಕೆ ಅದೇ ಮಾದರಿಯ ಹಬ್ ಹಾಕಿಸುವುದು ಉತ್ತಮ. ಅದು ಸಿಗುವವರೆಗೆ ಗಟ್ಟಿ ಫ್ಲ್ಯಾಂಜ್ ಸಾಕು. ಕೊಳ್ಳುವಾಗ ಆಕ್ಸಲ್ ತುದಿಯ ಹಲ್ಲುಗಳನ್ನೂ ಬೋಲ್ಟಿನ ತೂತುಗಳನ್ನೂ ಎಣಿಸಿಕೊಂಡು ಹೋಗಿ. ಒಂದು ಕಡೆ ಫ್ಲ್ಯಾಂಜ್ ಹಾಕಿದಾಗ ಇನ್ನೊಂದು ಕಡೆಯ ಹಬ್ಬನ್ನು ಲಾಕ್‌ನಲ್ಲೇ ಇಡತಕ್ಕದ್ದು.

ಎಲ್ಲಕ್ಕಿಂತ ಅಗ್ಗದ ಉಪಾಯ ಒಂದು ಸ್ಪ್ಯಾನರ್. ಕೊಯ್ಲಿಗೆ ಮುನ್ನ ಒಮ್ಮೆ, ಮಳೆಗಾಲಕ್ಕೆ ಮುನ್ನ ಒಮ್ಮೆ ಹಬ್ಬಿನ ಬೋಲ್ಟುಗಳನ್ನು ಬಿಗಿ ಮಾಡಿಸಿ. ಮುಂದಿನ ಚಕ್ರವನ್ನು ಜಾಕಿಯಿಂದ ಎತ್ತಿ, ಫ್ರೀ ಇದ್ದಾಗ ಚಕ್ರವೊಂದೇ ತಿರುಗುತ್ತದೆಯೇ, ಲಾಕ್ ಮಾಡಿದಾಗ ಆಕ್ಸಲ್ಲೂ ಜೊತೆಗೆ ತಿರುಗುತ್ತದೆಯೇ ಎಂದು ನೋಡಿ. ಈ ಕೆಲಸವನ್ನು ಡ್ರೈವರಿಗೆ ಒಪ್ಪಿಸಿದರೂ ತಾವು ಪಕ್ಕದಲ್ಲಿ ನಿಂತು ನೋಡತಕ್ಕದ್ದು.