ಹಳೆಯ ವ್ಯಾಪಾರ ಕಟ್ಟಡಕ್ಕೆ ಹಸಿರು ದುರಸ್ತಿ: ಖರ್ಚೆಷ್ಟು, ಲಾಭವೆಷ್ಟು?



ಜಹೀರಾಬಾದ್, ನಾರಾಯಣಖೇಡ, ತಾಂಡೂರು ಭಾಗದಲ್ಲಿ ಕಬ್ಬು, ತೊಗರಿ ಬೆಳೆಯುವವರ ಪೈಕಿ ಪೇಟೆಯಲ್ಲಿಯೂ ಒಂದು ಕಟ್ಟಡ ಮಾಡಿಕೊಂಡವರು ಇದ್ದಾರೆ. ಗೊಬ್ಬರ-ಬೀಜದ ಅಂಗಡಿ, ಬಾಡಿಗೆಗೆ ಕೊಟ್ಟ ಮಳಿಗೆ, ತೊಗರಿ ಗೋದಾಮು, ಫಂಕ್ಷನ್ ಹಾಲ್, ಹೀಗೆ. ಇಪ್ಪತ್ತು ಮೂವತ್ತು ವರ್ಷ ಕಳೆದ ಇಂಥ ಕಟ್ಟಡವನ್ನು ಕೆಡವಬೇಕೆ, ದುರಸ್ತಿ ಮಾಡಬೇಕೆ ಎಂಬ ಪ್ರಶ್ನೆ ಬಂದಾಗ ಸಾಲದ ಭಾರವೂ ಜೊತೆಗೇ ಬರುತ್ತದೆ. ಆದುದರಿಂದ ಹಸಿರು ದುರಸ್ತಿ ಎಂದರೇನು, ಅದರಿಂದ ಹಣ ಹೇಗೆ ಉಳಿಯುತ್ತದೆ ಎಂಬುದನ್ನು ಈ ಪಾಠದಲ್ಲಿ ಲೆಕ್ಕ ಸಹಿತ ತಿಳಿದುಕೊಳ್ಳೋಣ.

ಹಸಿರು ದುರಸ್ತಿ ಎಂದರೇನು?

ಕೂಳೆ ಕಬ್ಬಿನ ಉದಾಹರಣೆ ತೆಗೆದುಕೊಳ್ಳಿರಿ. ಬೇರು ಇದೆ, ನಾಟಿಯ ಖರ್ಚಿಲ್ಲ. ಸತ್ತ ಕಡೆ ಸಸಿ ತುಂಬಿ, ರವದಿ ಹೊದಿಸಿ, ನೀರು-ಗೊಬ್ಬರ ಸರಿಯಾಗಿ ಕೊಟ್ಟರೆ ಬೆಳೆ ಬರುತ್ತದೆ. ಗಟ್ಟಿಮುಟ್ಟಾದ ಹಳೆಯ ಕಟ್ಟಡವೂ ಹಾಗೆಯೇ. ಪಾಯ, ಗೋಡೆ, ಕಂಬಗಳನ್ನು ಉಳಿಸಿಕೊಂಡು, ಬಿಸಿಲು ಒಳಗೆ ಬರದಂತೆ, ವಿದ್ಯುತ್ತು ಮತ್ತು ನೀರು ಪೋಲಾಗದಂತೆ ಸುಧಾರಿಸುವುದೇ ಹಸಿರು ದುರಸ್ತಿ. ಹೊಸ ಸಿಮೆಂಟು, ಕಬ್ಬಿಣದ ಖರ್ಚು ಇದರಲ್ಲಿ ಬಹಳಷ್ಟು ತಪ್ಪುತ್ತದೆ.

ಮೊದಲು ಮಾಳಿಗೆ

1956ರ ನವೆಂಬರ್ 1ಕ್ಕೆ ಮುಂಚೆ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ ಜಿಲ್ಲೆಯಲ್ಲಿಯೂ, ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿಯೂ ಇದ್ದವು. ಅಂದಿನ ಅಂಗಡಿಗಳಿಗೆ ದಪ್ಪ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ ಸಾಮಾನ್ಯವಾಗಿತ್ತು, ಒಳಗೆ ತಂಪಿರುತ್ತಿತ್ತು. ಈಗ ತೆಳುವಾದ ಸ್ಲ್ಯಾಬ್ ಅಥವಾ ತಗಡು ಬಂದಿದೆ. ಮೇ ತಿಂಗಳ ಮಧ್ಯಾಹ್ನ ಇದರ ಕೆಳಗೆ ಗಿರಾಕಿ ನಿಲ್ಲುವುದಿಲ್ಲ, ಕೂಲಿಯಾಳು ಚೀಲ ಎತ್ತುವುದಿಲ್ಲ.

ನಡುಮಧ್ಯಾಹ್ನ ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಸುಮಾರು 1,000 ವ್ಯಾಟ್ ಬಿಸಿಲು ಬೀಳುತ್ತದೆ. 1,000 ಚದರ ಅಡಿಯ ಮಾಳಿಗೆಗೆ ಇದು 90 ಕಿಲೋವ್ಯಾಟಿಗಿಂತ ಹೆಚ್ಚು, ಅಂದರೆ 5 ಎಚ್.ಪಿ.ಯ 24 ಪಂಪುಗಳ ಶಕ್ತಿ! ಕಪ್ಪುಗಟ್ಟಿದ ಸ್ಲ್ಯಾಬ್ ಇದರ ಬಹುಪಾಲನ್ನು ಹೀರಿಕೊಳ್ಳುತ್ತದೆ. ಬಿಳಿ ಬಣ್ಣ ಬಳಿದ ಮಾಳಿಗೆ ಬಹುಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಇದರಿಂದ ಒಳಗಿನ ಉಷ್ಣತೆ ಸಾಮಾನ್ಯವಾಗಿ 2ರಿಂದ 5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಹೊಲಕ್ಕೆ ರವದಿ ಹೊದಿಸಿದಂತೆಯೇ ಇದು.

ತೆಲಂಗಾಣ ಸರಕಾರವು 2023ರಲ್ಲಿ ತಂಪು ಮಾಳಿಗೆ ನೀತಿಯನ್ನು ಪ್ರಕಟಿಸಿ, 2028ರೊಳಗೆ ರಾಜ್ಯದಲ್ಲಿ 300 ಚದರ ಕಿಲೋಮೀಟರ್ ಮಾಳಿಗೆಯನ್ನು ತಂಪು ಮಾಡುವ ಗುರಿ ಇಟ್ಟಿತು. ವಾಣಿಜ್ಯ ಕಟ್ಟಡಗಳೂ ಇದರ ವ್ಯಾಪ್ತಿಯಲ್ಲಿವೆ. ಪರವಾನಗಿಗೆ ಅರ್ಜಿ ಹಾಕುವವರು ಪುರಸಭೆಯಲ್ಲಿ ಮೊದಲೇ ವಿಚಾರಿಸುವುದು ಒಳ್ಳೆಯದು.

ಮಾಳಿಗೆಯ ಕೆಲಸದಲ್ಲಿ ಮೂರು ಎಚ್ಚರಿಕೆಗಳು:

1. ಬರೀ ಸುಣ್ಣ ಅಗ್ಗ, ಆದರೆ ಮಳೆಗೆ ತೊಳೆದುಹೋಗುತ್ತದೆ. ಪ್ರತಿವರ್ಷ ಬೇಸಿಗೆಗೆ ಮುಂಚೆ ಬಳಿಯಬೇಕು. ಬಣ್ಣದ ಮೇಲೆ ಧೂಳು ಕೂತರೂ ಗುಣ ಕಡಿಮೆಯಾಗುತ್ತದೆ.

2. ಮಾಳಿಗೆಗೆ ಪರಸಿ ಹಾಸುವುದಾದರೆ ತಾಂಡೂರಿನ ನೀಲಿ ಕಲ್ಲಿಗಿಂತ ಹಳದಿ ಕಲ್ಲು ಮೇಲು; ತಿಳಿ ಬಣ್ಣದ್ದು ಕಡಿಮೆ ಕಾಯುತ್ತದೆ. ಆದರೆ 1 ಇಂಚು ದಪ್ಪದ ಪರಸಿ ಚದರ ಅಡಿಗೆ ಸುಮಾರು 6 ಕೆ.ಜಿ. ತೂಗುತ್ತದೆ. ಹಳೆಯ ಸ್ಲ್ಯಾಬ್ ಆ ಭಾರ ತಡೆಯುವುದೇ ಎಂದು ಇಂಜಿನಿಯರರಿಂದ ಪರೀಕ್ಷಿಸದೆ ಹಾಸಬಾರದು.

3. ಹಳೆಯ ಸಿಮೆಂಟು ಶೀಟಿನಲ್ಲಿ ಆಸ್‌ಬೆಸ್ಟಾಸ್ ಇರುತ್ತದೆ. ಅದನ್ನು ಒಡೆಯುವುದು, ಕೊರೆಯುವುದು, ತಂತಿ ಬ್ರಶ್ಶಿನಿಂದ ತಿಕ್ಕುವುದು ಮಾಡಬಾರದು. ಅದರ ಧೂಳು ಪುಪ್ಪುಸಕ್ಕೆ ಮಾರಕ.

ಎರಡನೆಯದು ದೀಪ, ಫ್ಯಾನು

ಒಂದು ಅಂಗಡಿಯಲ್ಲಿ 20 ಹಳೆಯ ಟ್ಯೂಬ್‌ಲೈಟು, 10 ಹಳೆಯ ಫ್ಯಾನು ಇವೆಯೆಂದು ಭಾವಿಸೋಣ. ದಿನಕ್ಕೆ 10 ತಾಸು, ವರ್ಷಕ್ಕೆ 300 ದಿನ ಓಡುತ್ತವೆ. ಯುನಿಟ್ಟಿಗೆ 10 ರೂ. ಎಂದು ಹಿಡಿಯೋಣ.

ಚೋಕು ಸೇರಿ ಹಳೆಯ ಟ್ಯೂಬಿಗೆ 52 ವ್ಯಾಟ್, ಎಲ್‌ಇಡಿ ಟ್ಯೂಬಿಗೆ 20 ವ್ಯಾಟ್. ವರ್ಷದ ಉಳಿತಾಯ 1,920 ಯುನಿಟ್, ಅಂದರೆ 19,200 ರೂ. ಹೊಸ ಟ್ಯೂಬಿಗೆ 250 ರೂ.ನಂತೆ ಖರ್ಚು 5,000 ರೂ.

ಹಳೆಯ ಫ್ಯಾನಿಗೆ 75 ವ್ಯಾಟ್, ಬಿಎಲ್‌ಡಿಸಿ ಫ್ಯಾನಿಗೆ 30 ವ್ಯಾಟ್. ವರ್ಷದ ಉಳಿತಾಯ 1,350 ಯುನಿಟ್, ಅಂದರೆ 13,500 ರೂ. ಫ್ಯಾನಿಗೆ 3,000 ರೂ.ನಂತೆ ಖರ್ಚು 30,000 ರೂ.

ಒಟ್ಟು ಖರ್ಚು 35,000 ರೂ., ವರ್ಷದ ಉಳಿತಾಯ 32,700 ರೂ. ಸುಮಾರು 13 ತಿಂಗಳಲ್ಲಿ ಹಾಕಿದ ಹಣ ಮರಳಿ ಬಂತು. ಮುಂದಿನದೆಲ್ಲ ಲಾಭ. ನಿಮ್ಮ ದರ ಬೇರೆಯಿದ್ದರೆ ಬಿಲ್ಲು ನೋಡಿ ಇದೇ ರೀತಿ ಲೆಕ್ಕ ಹಾಕಿಕೊಳ್ಳಿರಿ.

ಕೆಲವರು ಕಾದ ತಗಡಿನ ಕೆಳಗೆ ಏಸಿ ಹಾಕಿಸುತ್ತಾರೆ. ಇದು ತೂತು ಬಿದ್ದ ಕಾಲುವೆಗೆ ದೊಡ್ಡ ಪಂಪು ಕೂಡಿಸಿದಂತೆ. ಮಾಳಿಗೆ ಸರಿಮಾಡಿದ ಮೇಲೆ ಚಿಕ್ಕ ಏಸಿ ಸಾಕಾಗಬಹುದು. ಏಸಿಯ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಿಟ್ಟರೆ ಸುಮಾರು ಶೇ. 6ರಷ್ಟು ವಿದ್ಯುತ್ತು ಉಳಿಯುತ್ತದೆ.

ನೀರು ಮತ್ತು ಸೌರಶಕ್ತಿ

2,000 ಚದರ ಅಡಿಯ ಗೋದಾಮಿನ ಮೇಲೆ ವರ್ಷಕ್ಕೆ 800 ಮಿ.ಮೀ. ಮಳೆ ಬಿದ್ದು, ಅದರಲ್ಲಿ ಶೇ. 80 ಕೈಗೆ ಸಿಕ್ಕಿದರೆ ಸುಮಾರು 1,19,000 ಲೀಟರ್ ನೀರಾಯಿತು. ಬೇಸಿಗೆಯಲ್ಲಿ ಟ್ಯಾಂಕರ್ ತರಿಸುವ ಫಂಕ್ಷನ್ ಹಾಲ್ ಮಾಲೀಕರು ಇದನ್ನು ಬೋರ್‌ವೆಲ್ ಮರುಪೂರಣಕ್ಕೆ ಬಿಡಬಹುದು.

ಸೌರ ಫಲಕ ಕೊನೆಗೆ ಬರಲಿ. 1 ಕಿಲೋವ್ಯಾಟಿಗೆ ನೆರಳಿಲ್ಲದ ಸುಮಾರು 100 ಚದರ ಅಡಿ ಬೇಕು. ದಿನಕ್ಕೆ ಸರಾಸರಿ 4 ಯುನಿಟ್ ಬರುತ್ತದೆ. ಮೊದಲು ಪೋಲು ನಿಲ್ಲಿಸಿದರೆ ಕಡಿಮೆ ಫಲಕ ಸಾಕು. 2024ರಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯ ಸಹಾಯಧನ ವಾಸದ ಮನೆಗಳಿಗೇ ಹೊರತು ಅಂಗಡಿಗಳಿಗಲ್ಲ ಎಂಬುದನ್ನು ಮರೆಯಬಾರದು.

ದೊಡ್ಡವರು ಮಾಡಿದ ಲೆಕ್ಕ

ಈ ಲೆಕ್ಕ ಸಣ್ಣ ಅಂಗಡಿಗೆ ಮಾತ್ರವಲ್ಲ. ಅಮೇರಿಕದ ನ್ಯೂಯಾರ್ಕಿನಲ್ಲಿ 1931ರಲ್ಲಿ ಕಟ್ಟಿದ 102 ಅಂತಸ್ತಿನ ಎಂಪೈರ್ ಸ್ಟೇಟ್ ಕಟ್ಟಡದ ದುರಸ್ತಿ 2009ರಲ್ಲಿ ಆರಂಭವಾಯಿತು. ಅದರ 6,514 ಕಿಟಕಿಗಳ ಗಾಜನ್ನು ಎಸೆಯದೆ, ಕಟ್ಟಡದೊಳಗೇ ಬಿಚ್ಚಿ ತೊಳೆದು, ಶಾಖ ತಡೆಯುವ ಹಾಳೆ ಸೇರಿಸಿ ಮತ್ತೆ ಕೂಡಿಸಿದರು. ಇಂಧನವನ್ನು ಶೇ. 38ರಷ್ಟು ಇಳಿಸುವ ಈ ಯೋಜನೆಗೆ ಹೆಚ್ಚಿನ ಖರ್ಚು 132 ಲಕ್ಷ ಡಾಲರ್, ವರ್ಷದ ಉಳಿತಾಯ 44 ಲಕ್ಷ ಡಾಲರ್. ಮೂರೇ ವರ್ಷಕ್ಕೆ ಹಣ ವಾಪಸು. ಮುಂಬಯಿಯಲ್ಲಿಯೂ 1972ರ ಗೋದ್ರೆಜ್ ಭವನವನ್ನು 2010ರಲ್ಲಿ ಇದೇ ರೀತಿ ಸುಧಾರಿಸಿದರು.

ಪ್ರಮಾಣಪತ್ರ ಬೇಕೆ?

2001ರಲ್ಲಿ ಸ್ಥಾಪನೆಯಾದ ಭಾರತೀಯ ಹಸಿರು ಕಟ್ಟಡ ಮಂಡಳಿಯ ಕೇಂದ್ರ ನಮ್ಮ ಸಮೀಪದ ಹೈದರಾಬಾದಿನಲ್ಲಿಯೇ ಇದೆ. ಹಳೆಯ ಕಟ್ಟಡಗಳಿಗೂ ಅದು ದರ್ಜೆ ಕೊಡುತ್ತದೆ. ದೊಡ್ಡ ಕಂಪನಿಗೆ ಬಾಡಿಗೆ ಕೊಡುವವರಿಗೆ ಪ್ರಮಾಣಪತ್ರ ಉಪಯುಕ್ತ. ಸಣ್ಣ ಅಂಗಡಿಗೆ ಅದರ ಶುಲ್ಕ ಭಾರವಾಗಬಹುದು. ಅಂಥವರು ಕ್ರಮವನ್ನು ಅನುಸರಿಸಿದರೆ ಸಾಕು, ಬಿಲ್ಲೇ ಅವರ ಪ್ರಮಾಣಪತ್ರ.

ಮಾಲೀಕ, ಬಾಡಿಗೆದಾರ ಇಬ್ಬರಿಗೂ ಪಾಲು

ಕೆಲಸ ನಿಲ್ಲುವುದು ಹೆಚ್ಚಾಗಿ ಇಲ್ಲಿಯೇ. ದುರಸ್ತಿಯ ಹಣ ಮಾಲೀಕರದು, ಬಿಲ್ಲಿನ ಉಳಿತಾಯ ಬಾಡಿಗೆದಾರರದು. ಹೀಗಾಗಿ ಇಬ್ಬರೂ ಸುಮ್ಮನಿರುತ್ತಾರೆ. ಪರಿಹಾರ ಸುಲಭ. ಮೇಲಿನ ಅಂಗಡಿಯ ಉಳಿತಾಯದಲ್ಲಿ ಅರ್ಧ, ಅಂದರೆ 16,350 ರೂ. ವರ್ಷಕ್ಕೆ ಮಾಲೀಕರಿಗೆ ಸಲ್ಲಲಿ ಎಂದು ಕರಾರು ಬರೆದುಕೊಂಡರೆ ಎರಡು ವರ್ಷ ಎರಡು ತಿಂಗಳೊಳಗೆ ಅವರ ಹಣ ತೀರುತ್ತದೆ. ಬಾಡಿಗೆದಾರರಿಗೆ ಮೊದಲ ತಿಂಗಳಿನಿಂದಲೇ ಬಿಲ್ಲು ಇಳಿಯುತ್ತದೆ.

ಅಭ್ಯಾಸ

1. ಕಳೆದ 12 ತಿಂಗಳ ವಿದ್ಯುತ್ ಬಿಲ್ಲುಗಳನ್ನು ಒಂದೆಡೆ ಬರೆಯಿರಿ. ಯಾವ ತಿಂಗಳು ಹೆಚ್ಚು? ಏಕೆ?

2. ನಿಮ್ಮ ಕಟ್ಟಡದ ಹಳೆಯ ಟ್ಯೂಬು, ಫ್ಯಾನುಗಳನ್ನು ಎಣಿಸಿ, ಹಣ ಎಷ್ಟು ತಿಂಗಳಲ್ಲಿ ಮರಳುವುದೆಂದು ಲೆಕ್ಕ ಮಾಡಿರಿ.

3. ಮಧ್ಯಾಹ್ನ 2 ಗಂಟೆಗೆ ಅಂಗಡಿಯೊಳಗಿನ ಉಷ್ಣತೆ ಅಳೆದಿಡಿರಿ. ಮಾಳಿಗೆಗೆ ಬಿಳಿ ಬಳಿದ ಮೇಲೆ, ಅಷ್ಟೇ ಬಿಸಿಲಿರುವ ದಿನ ಮತ್ತೆ ಅಳೆದು ಹೋಲಿಸಿರಿ.

ಲೆಕ್ಕ ಮೊದಲು, ಸಾಲ ಆಮೇಲೆ. ಈ ಕ್ರಮ ತಪ್ಪದಿದ್ದರೆ ಹಳೆಯ ಕಟ್ಟಡವೂ ಒಳ್ಳೆಯ ಕೂಳೆ ಬೆಳೆಯಂತೆ ಫಲ ಕೊಟ್ಟೀತು.