ಬಿಡಿಭಾಗಗಳ ಆರ್ಡರೂ ಪೇಟೆಯ ವದಂತಿಯೂ

ಒಂದು ಸರಕಿನ ಬೇಡಿಕೆ ಕುಗ್ಗಿತೆಂಬುದನ್ನು ಹೊರಗಿನವರು ಅರಿಯುವುದೆಂತು? ತರಗತಿಯಲ್ಲಿ ಬೇಡಿಕೆಯ ನಿಯಮವನ್ನು ಓದುವಾಗ ನನಗೆ ಮೂಡಿದ ಸಂದೇಹವಿದು.

2013ರ ಜನವರಿಯ ಸಂಗತಿಯನ್ನು ನೋಡೋಣ. ಆ್ಯಪಲ್ ಸಂಸ್ಥೆಯು ಐಫೋನ್ 5ರ ಪರದೆಗಳ ಆರ್ಡರನ್ನು ಸುಮಾರು ಅರ್ಧಕ್ಕಿಳಿಸಿದೆಯೆಂದು ಜಪಾನಿನ ಹಾಗೂ ಅಮೆರಿಕದ ಪತ್ರಿಕೆಗಳು ಬರೆದುವು. 14ರಂದು ಅದರ ಷೇರು ಒಮ್ಮೆ 500 ಡಾಲರಿಗಿಂತಲೂ ಕೆಳಗಿಳಿಯಿತು. 23ರಂದು ಹೊರಬಿದ್ದ ಲೆಕ್ಕವೋ, ಡಿಸೆಂಬರ್ ಅಂತ್ಯದ ತ್ರೈಮಾಸಿಕದಲ್ಲಿ 4.78 ಕೋಟಿ ಫೋನುಗಳು ಮಾರಾಟವಾದುವೆಂದಿತು. ಆದರೆ ಅದು ಕಳೆದುದರ ಲೆಕ್ಕ, ವದಂತಿಯೋ ಮುಂದಿನದರದು. ಹಾಗಾಗಿ ಒಂದು ಇನ್ನೊಂದನ್ನು ಸುಳ್ಳಾಗಿಸಲಾರದು!

ಬಿಡಿ ಅಂಕಿಯೊಂದರಿಂದ ವ್ಯಾಪಾರದ ಗತಿಯನ್ನು ತಿಳಿಯಲಾಗದೆಂದು ಮುಖ್ಯಾಧಿಕಾರಿ ಟಿಮ್ ಕುಕ್ ಅಂದು ಹೇಳಿದರು. ಸ್ವಾರ್ಥವಿದ್ದರೂ ಮಾತು ಸರಿಯೇ. ಪರದೆಯನ್ನು ಹಲವರು ಒದಗಿಸುವಾಗ ಒಬ್ಬನ ಪಾಲು ಇನ್ನೊಬ್ಬನಿಗೆ ಹೋಗಬಹುದು. ಕೆಟ್ಟುಹೋಗುವ ಬಿಡಿಭಾಗಗಳು ಕಡಮೆಯಾದರೆ ಹೆಚ್ಚುವರಿ ಆರ್ಡರು ಬೇಡ. ಗೋದಾಮಿನಲ್ಲಿ ದಾಸ್ತಾನಿದ್ದರೂ ಅಷ್ಟೆ. ನಮ್ಮ ದಕ್ಕೆಯಲ್ಲಿ ಒಂದು ದೋಣಿ ಬರಿದಾಗಿ ಬಂದರೆ ಕಡಲಲ್ಲಿ ಬಂಗುಡೆಯೇ ಇಲ್ಲವೆನ್ನುವವರುಂಟೆ?

ಹಾಗೆಂದು ವದಂತಿಯೆಲ್ಲ ಪೊಳ್ಳೆನ್ನಲಾಗದು. 2018ರ ನವೆಂಬರಿನಲ್ಲಿಯೂ ಆರ್ಡರು ಕಡಿತದ ಸುದ್ದಿ ಹಬ್ಬಿತು. 2019ರ ಜನವರಿ 2ರಂದು ಸಂಸ್ಥೆ ತಾನೇ ಆದಾಯದ ಅಂದಾಜನ್ನು 84 ಬಿಲಿಯ ಡಾಲರಿಗೆ ಇಳಿಸಿತು. ಹಿಂದಿನ ಅಂದಾಜು 89ರಿಂದ 93 ಬಿಲಿಯವಿತ್ತು.

ಈ ವಿಚಾರ ನಮಗೆ ದೂರದ್ದಲ್ಲ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ವಿಸ್ಟ್ರಾನ್ ನಡೆಸುತ್ತಿದ್ದ ಐಫೋನ್ ಜೋಡಣೆಯ ಕಾರ್ಖಾನೆಯನ್ನು ಟಾಟಾ ಸಂಸ್ಥೆ ಕೊಳ್ಳುವುದೆಂದು 2023ರಲ್ಲಿ ನಿರ್ಧಾರವಾಯಿತು. ಸುದ್ದಿ ಕೇಳಿದ ಷೇರುದಾರನು ಕ್ಷಣದಲ್ಲಿ ಷೇರನ್ನು ಮಾರಿಬಿಟ್ಟಾನು. ಗುತ್ತಿಗೆಯ ಮೇಲೆ ದುಡಿಯುವವರಿಗೆ ಮಾರಲು ಷೇರಿಲ್ಲ. ಆರ್ಡರು ನಿಜವಾಗಿಯೂ ಇಳಿದರೆ ಮೊದಲು ಹೋಗುವುದು ಅವರ ಪಾಳಿ.