ಗಾಳ ಹಾಕೋ ಮುಂಚೆ ನೀರು ಓದೋಣ

ಫ್ಲೂಯಿಡ್ ಮೆಕ್ಯಾನಿಕ್ಸ್ ಅಂದ್ರೆ ನಮಗೆಲ್ಲ ಪೈಪು, ಪಂಪು, ಬರ್ನೌಲಿ ಸಮೀಕರಣ ಅಷ್ಟೇ ನೆನಪಾಗೋದು. ಶಿಕಾರಿಪುರದ ಕುಮುದ್ವತಿ, ಸೊರಬದ ದಂಡಾವತಿ, ವರದಾ ಹೊಳೆಗಳ ದಡದಲ್ಲಿ ಒಬ್ಬರೇ ಗಾಳ ಹಿಡಿದು ಒಂದು ದಿನ ಕಳೆದರೆ ಅದೇ ಪಾಠ ಕಣ್ಣೆದುರೇ ಹರಿಯುತ್ತೆ.

ಮೊದಲನೇದು, ಮೀನು ಎಲ್ಲಿರುತ್ತೆ? ಹರಿಯೋ ನೀರಲ್ಲಿ ಸುಮ್ಮನೆ ನಿಲ್ಲೋಕೂ ಮೀನು ಈಜುತ್ತಲೇ ಇರಬೇಕು. ಡ್ರ್ಯಾಗ್ ಬಲ ವೇಗದ ವರ್ಗದಂತೆ ಹೆಚ್ಚುತ್ತೆ. ನೀರಿನ ವೇಗ ಅರ್ಧ ಆದರೆ ಡ್ರ್ಯಾಗ್ ಸುಮಾರು ಕಾಲು ಭಾಗ, ಬೇಕಾಗೋ ಪವರ್ ಎಂಟನೇ ಒಂದು ಭಾಗ. ಅದಕ್ಕೇ ಮೀನು ಬಂಡೆಯ ಹಿಂದೆ, ಬಿದ್ದ ಮರದ ಮರೆಯಲ್ಲಿ ನಿಂತು, ಪಕ್ಕದ ಸೆಳವು ಹೊತ್ತು ತರೋ ಹುಳಕ್ಕೆ ಕಾಯುತ್ತೆ. ನೊರೆ ಗೆರೆಯಾಗಿ ಸಾಗೋ ಜಾಗ ನೋಡಿ. ವೇಗದ ನೀರು, ನಿಧಾನದ ನೀರು ಸೇರೋ ಗಡಿ ಅದೇ. ಗಾಳ ಅಲ್ಲಿಗೆ ಬೀಳಬೇಕು.

ಎರಡನೇದು, ಗಾಳದ ಲೆಕ್ಕ. ನಮ್ಮಲ್ಲಿ ಬಿದಿರು ಕೋಲು, ನೈಲಾನ್ ದಾರ, ಬೆಂಡು, ಎರೆಹುಳು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಸ್ಟೀಲ್‌ಹೆಡ್ ಹಿಡಿಯೋರು ಕೊಕ್ಕೆಗೆ ಗರಿ, ನೂಲು ಸುತ್ತಿದ 'ಫ್ಲೈ' ಕಟ್ಟುತ್ತಾರೆ. ಅದಕ್ಕೆ ತೂಕವೇ ಇಲ್ಲ, ಎಸೆದರೆ ದೂರ ಹೋಗಲ್ಲ. ಹಾಗಾಗಿ ದಪ್ಪ ದಾರದ ತೂಕವನ್ನೇ ಬೀಸುತ್ತಾರೆ, ಫ್ಲೈ ಅದರ ಹಿಂದೆ ಹೋಗುತ್ತೆ. ಎರಡೂ ಕಡೆ ನಿಯಮ ಒಂದೇ: ದಾರ ಸೆಳವಿಗೆ ಸಿಕ್ಕಿ ಹುಳವನ್ನ ಎಳೆದರೆ ಮೀನಿಗೆ ಅನುಮಾನ ಬರುತ್ತೆ. ದಾರ ಎತ್ತಿ ಸಡಿಲ ಬಿಡಬೇಕು.

ಮೂರನೇದೇ ಮುಖ್ಯ: ಯಾವಾಗ ಹಾಕಬಾರದು? ಸ್ಟೀಲ್‌ಹೆಡ್ ಹೊಳೆಯಲ್ಲಿ ಹುಟ್ಟಿ, ಸಮುದ್ರದಲ್ಲಿ ಬೆಳೆದು, ಮೊಟ್ಟೆ ಇಡೋಕೆ ಮತ್ತೆ ಹೊಳೆ ಹತ್ತುತ್ತೆ. ನಮ್ಮ ಮಲೆನಾಡಿನ ಹತ್ತುಮೀನು ಸಮುದ್ರ ಕಂಡಿಲ್ಲ, ಆದರೆ ಕೆಲಸ ಅದೇ. ಮುಂಗಾರಿನ ಮೊದಲ ಜೋರು ಮಳೆಗೆ ಹೊಳೆ, ಕೆರೆ ಬಿಟ್ಟು, ಸೆಳವಿಗೆ ಎದುರಾಗಿ ಹಳ್ಳ, ಕಾಲುವೆ ದಾಟಿ ಗದ್ದೆ ಸೇರುತ್ತೆ. ಆಗ ಅದನ್ನ ಹಿಡಿಯೋಕೆ ನೀರು ಓದೋದೇ ಬೇಡ. ಕಾಲುವೆಗೆ ಕೂಣಿ ಇಟ್ಟರೆ ಸಾಕು. ಹೊಟ್ಟೆ ತುಂಬ ಮೊಟ್ಟೆ ಇರೋದರಿಂದ ಅವತ್ತು ಹಿಡಿದ ಒಂದು ಮೀನು ಅಂದ್ರೆ ಮುಂದಿನ ವರ್ಷದ ಸಾವಿರಾರು ಮರಿಗಳು. ಅಲ್ಲಿನ ಹಲವು ನದಿಗಳಲ್ಲಿ ಕಾಡು ಸ್ಟೀಲ್‌ಹೆಡ್ ಸಿಕ್ಕರೆ ವಾಪಸ್ ಬಿಡಲೇಬೇಕು. ಮರಿಕೇಂದ್ರದಲ್ಲಿ ಬೆಳೆಸಿ ಬಿಟ್ಟ ಮೀನಿನ ಗುರುತಿಗೆ ಬೆನ್ನಿನ ಸಣ್ಣ ರೆಕ್ಕೆ ಕತ್ತರಿಸಿರುತ್ತಾರೆ.

ನಮ್ಮೂರಲ್ಲಿ ಹತ್ತುಮೀನಿನ ಸಾರು ಮಳೆಗಾಲದ ಸಂಭ್ರಮ, ಬೇಡ ಅನ್ನೋದು ಸುಲಭ ಅಲ್ಲ. ಆದರೆ ಹತ್ತೋ ಮೀನನ್ನೆಲ್ಲ ದಾರಿಯಲ್ಲೇ ಹಿಡಿದರೆ ಮಳೆ ನಿಂತ ಮೇಲೆ ಹೊಳೆಗೆ ಇಳಿಯೋದು ಯಾವುದು?

ಹಾಗಾಗಿ ಹೋಗೋದಾದ್ರೆ ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ ಹೋಗಿ. ಒಬ್ಬರೇ ಆದರೆ ಯಾವ ದಡ ಅಂತ ಮನೆಯಲ್ಲಿ ಹೇಳಿ, ದಡದಿಂದಲೇ ಗಾಳ ಹಾಕಿ, ಪಾಚಿ ಕಟ್ಟಿದ ಬಂಡೆ ಹತ್ತಬೇಡಿ. ಮರಿಮೀನು ಸಿಕ್ಕರೆ ಕೈ ಒದ್ದೆ ಮಾಡಿಕೊಂಡು ಕೊಕ್ಕೆ ಬಿಡಿಸಿ, ನೀರಿಗೇ ಬಿಡಿ. ಒಣ ಕೈ ಅದರ ಮೈಮೇಲಿನ ಲೋಳೆ ಕಿತ್ತುಹಾಕುತ್ತೆ.